ಕೀಮೋಗೆ ಮುಂಚೆ ಆಡಬೇಕಾದ ಮಾತು

ಉತ್ತರ ಕನ್ನಡ ಜಿಲ್ಲೆಯ ಮಿರ್ಜಾನದಿಂದ ಕ್ಯಾನ್ಸರ್ ಚಿಕಿತ್ಸೆಗೆ ಹೊರಟವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು. ಎತ್ತ ಹೋದರೂ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಅಷ್ಟು ದೂರ ಹೋದವರು ಹಾಸಿಗೆ ಸಿಕ್ಕಿತೇ, ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ ಎಂಬ ಚಿಂತೆಯಲ್ಲೇ ಇರುತ್ತಾರೆ. ಮುಂದೆ ಮಕ್ಕಳಾಗುವ ವಿಷಯವನ್ನು ಅವರಾಗಿ ಎತ್ತುವುದಿಲ್ಲ. ಇಲ್ಲಿನ ರೋಗಿಗಳ ಕಷ್ಟಸುಖ ಕೇಳುತ್ತ ನಾನು ಕಲಿತದ್ದು ಇದು: ಆ ಮಾತನ್ನು ವೈದ್ಯರೇ ತೆಗೆಯಬೇಕು, ಅದೂ ಮೊದಲ ಕೀಮೋ ಬಾಟಲಿ ಏರಿಸುವ ಮುಂಚೆ. ಸೈಕ್ಲೋಫಾಸ್ಫಮೈಡಿನಂಥ ಔಷಧಿ ಅಂಡಾಶಯದ ಅಂಡಗಳನ್ನೂ ವೃಷಣದಲ್ಲಿ ವೀರ್ಯಾಣು ಹುಟ್ಟಿಸುವ ಜೀವಕೋಶಗಳನ್ನೂ ಕೊಲ್ಲಬಲ್ಲದು. ಕಿಬ್ಬೊಟ್ಟೆಗೆ ಕೊಡುವ ವಿಕಿರಣವೂ ಹಾಗೆಯೇ. ಚಿಕಿತ್ಸೆ ಮುಗಿದು ಮುಟ್ಟು ಮರಳಿದರೂ ಅಂಡಗಳು ಸಾಕಷ್ಟು ಉಳಿದಿವೆ ಎಂದರ್ಥವಲ್ಲ.

‘ಮೊದಲು ಜೀವ ಉಳಿಯಲಿ, ಮಕ್ಕಳ ಮಾತು ಆಮೇಲೆ’ ಎನ್ನುವವರಿದ್ದಾರೆ. ಅವರ ಕಾಳಜಿ ನಿಜವಾದದ್ದೇ. ಆದರೆ ಗಂಡಸಿನ ವೀರ್ಯ ಸಂಗ್ರಹಿಸಿಡಲು ಒಂದೆರಡು ದಿನ ಸಾಕು. ಹೆಣ್ಣಿನ ಅಂಡ ತೆಗೆದಿಡಲು ಸುಮಾರು ಎರಡು ವಾರ ಬೇಕು. ಸ್ತನ ಕ್ಯಾನ್ಸರಿನಲ್ಲಿ ಶಸ್ತ್ರಚಿಕಿತ್ಸೆಗೂ ಕೀಮೋಗೂ ನಡುವೆ ಅನೇಕರಿಗೆ ಅಷ್ಟು ಬಿಡುವು ಇದ್ದೇ ಇರುತ್ತದೆ. ತೀವ್ರ ರಕ್ತ ಕ್ಯಾನ್ಸರಿನಲ್ಲಿ ಕಾಯಲಾಗದು, ಹಾಗಿದ್ದರೆ ವೈದ್ಯರು ಅದನ್ನೇ ಬಾಯಿಬಿಟ್ಟು ಹೇಳಲಿ. ಅಂಡ ತೆಗೆದಿಟ್ಟ ಮಾತ್ರಕ್ಕೆ ಮಗು ಖಚಿತವಲ್ಲ ಎಂಬುದನ್ನೂ ಮುಚ್ಚಿಡಬಾರದು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಈ ಮಾತುಕತೆ ಚಿಕಿತ್ಸೆಗೆ ಮುಂಚೆಯೇ ಆಗಬೇಕೆಂದು 2006ರಲ್ಲೇ ಮಾರ್ಗಸೂಚಿ ಹೊರಡಿಸಿತು. ನಮಗೆ ಹತ್ತಿರದ ಮಣಿಪಾಲದ ಕೆಎಂಸಿ ಆಸ್ಪತ್ರೆಯಲ್ಲಿ ವೀರ್ಯ, ಅಂಡ ಸಂಗ್ರಹಿಸಿಡುವ ಸೌಲಭ್ಯ ಇದೆ.

ಖರ್ಚಿನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆಯುಷ್ಮಾನ್ ಯೋಜನೆ ಕ್ಯಾನ್ಸರಿಗೆ ಹಣ ಕೊಡುತ್ತದೆ, ಸಂತಾನ ಸಂಬಂಧಿ ಚಿಕಿತ್ಸೆಗೆ ಕೊಡುವುದಿಲ್ಲ. ಇದು ಸರ್ಕಾರ ತಿದ್ದಬೇಕಾದ ಅನ್ಯಾಯ; ಕ್ಯಾನ್ಸರ್ ಔಷಧಿಯೇ ತಂದೊಡ್ಡುವ ಹಾನಿಯನ್ನು ತಡೆಯುವುದು ಕ್ಯಾನ್ಸರ್ ಚಿಕಿತ್ಸೆಯ ಭಾಗವೇ ಹೌದು. ಹಾಗೆಂದು ‘ಮೀನುಗಾರರ ಮನೆಯವರು, ಇವರಿಗೆಲ್ಲಿ ಸಾಧ್ಯ’ ಎಂದು ವೈದ್ಯರೇ ತೀರ್ಮಾನಿಸಿ ಸುಮ್ಮನಾಗುವುದು ಸರಿಯಲ್ಲ. ಏನೂ ಮಾಡಿಸಲಾಗದಿದ್ದರೂ ತಿಳಿದಿರುವುದಕ್ಕೆ ಬೆಲೆಯಿದೆ. ಗಂಡ ಕೀಮೋ ಪಡೆದವನಾದರೂ ಮಕ್ಕಳಾಗಲಿಲ್ಲವೆಂದು ಹೆಂಡತಿಗೇ ಹರಕೆ, ಔಷಧಿ, ಚುಚ್ಚುಮಾತು ತಪ್ಪದ ಸಮಾಜ ನಮ್ಮದು. ಮದುವೆಯಾಗದ ಹುಡುಗಿಯಾದರಂತೂ ವೈದ್ಯರು ಅಪ್ಪನನ್ನು ಹೊರಗೆ ಕರೆದು ಹೇಳುತ್ತಾರೆ, ಅಪ್ಪ ಮಗಳಿಗೆ ಹೇಳುವುದಿಲ್ಲ. ಸಂಬಂಧ ತಪ್ಪೀತೆಂಬ ಭಯ ಅರ್ಥವಾಗುವಂಥದ್ದು, ಆದರೆ ದೇಹ ಅವಳದು. ತುಸು ಹೊತ್ತು ಅವಳೊಬ್ಬಳನ್ನೇ ಕೂರಿಸಿ ಮಾತಾಡಬೇಕು.

ದೊಡ್ಡ ಆಸ್ಪತ್ರೆ ಮುಟ್ಟುವ ಹೊತ್ತಿಗೆ ದಿನಗಳು ಕಳೆದಿರುತ್ತವೆ. ಆದ್ದರಿಂದ ಕುಮಟಾ, ಹೊನ್ನಾವರ, ಭಟ್ಕಳದ ವೈದ್ಯರಲ್ಲಿ ನನ್ನ ಕೋರಿಕೆ: ಮೇಲಿನ ಆಸ್ಪತ್ರೆಗೆ ಬರೆದುಕೊಡುವ ಚೀಟಿಯಲ್ಲೇ ‘ಮಕ್ಕಳಾಗುವ ವಿಷಯ ಚರ್ಚಿಸಿ’ ಎಂದು ಒಂದು ಸಾಲು ಸೇರಿಸಿ. ಅದು ಇಲ್ಲದಿದ್ದರೆ ರೋಗಿಯೇ ಕೇಳಲಿ, ಕೀಮೋ ಶುರುವಾಗುವ ಮುಂಚೆ.