ಚೀಲದೊಳಗಿನ ಕೋವಿ

ಶಹಾಬಾದಿನ ಹಾಸುಗಲ್ಲು ಪದರಪದರವಾಗಿ ಏಳುತ್ತದೆ. ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ಸಿಮೆಂಟಿಗೆ ಬೇಕಾಗುವ ಸುಣ್ಣಕಲ್ಲನ್ನಾದರೋ ಸಿಡಿಮದ್ದಿನಿಂದ ಒಡೆಯುವುದು ವಾಡಿಕೆ. ಸಿಡಿಸುವ ಮುನ್ನ ಎಚ್ಚರಿಕೆ ಕೊಟ್ಟು ಜನರನ್ನು ದೂರ ಕಳುಹಿಸುತ್ತಾರೆ. ಕೋವಿಯೂ ಇದೇ ತತ್ತ್ವದ ಯಂತ್ರವೇ: ಮದ್ದು ಉರಿದು ಅನಿಲವಾಗುತ್ತದೆ, ಇಕ್ಕಟ್ಟಿನಲ್ಲಿ ಸಿಕ್ಕ ಅನಿಲವು ಗುಂಡನ್ನು ನಳಿಗೆಯಿಂದ ಹೊರದೂಡುತ್ತದೆ. ಆದರೆ ಕೋವಿಯು ಶಾಲೆಯ ಚೀಲದಲ್ಲಿದ್ದರೆ ಎಚ್ಚರಿಕೆ ಕೊಡುವವರು ಯಾರು?

ಇದು ಹೆಚ್ಚಾಗಿ ಅಮೆರಿಕದ ಸಮಸ್ಯೆ. 1991ರಲ್ಲಿ ಅಲ್ಲಿನ ಪ್ರೌಢಶಾಲೆಗಳಲ್ಲಿ ಸರಕಾರವು ನಡೆಸಿದ ಸಮೀಕ್ಷೆಯಲ್ಲಿ, ಹಿಂದಿನ 30 ದಿನಗಳಲ್ಲಿ ಕೋವಿ, ಚಾಕು ಅಥವಾ ದೊಣ್ಣೆಯನ್ನು ಒಯ್ದಿದ್ದೆವೆಂದು ಹೇಳಿದವರು ಹುಡುಗರಲ್ಲಿ ನೂರಕ್ಕೆ ಸುಮಾರು 41, ಹುಡುಗಿಯರಲ್ಲಿ ಸುಮಾರು 11. ಬೆದರಿಕೆಗೆ ಒಳಗಾದ ಮಕ್ಕಳೇ ಹೆಚ್ಚಾಗಿ ಆಯುಧ ಒಯ್ಯುವರೆಂದು ಅಲ್ಲಿನ ಅಧ್ಯಯನಗಳು ಕಂಡುಕೊಂಡಿವೆ. ಎಂದರೆ ಮೂಲದಲ್ಲಿರುವುದು ಶೌರ್ಯವಲ್ಲ, ಭಯ. ಆ ಭಯ ನಮ್ಮಲ್ಲಿಯೂ ಉಂಟು. ಕತ್ತಲಾದ ಮೇಲೆ ಬಸ್ಸಿಳಿದು ಹಳ್ಳಿಯ ದಾರಿ ಹಿಡಿಯುವ ವಿದ್ಯಾರ್ಥಿನಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಕೋವಿಯಿಂದ ಆ ಭಯ ನೀಗುವುದೆ? ಲೆಕ್ಕ ಹಾಕಿ ನೋಡೋಣ. ಎನ್.ಸಿ.ಸಿ. ವಿದ್ಯಾರ್ಥಿನಿಯರು ಅಭ್ಯಾಸ ಮಾಡುವ .22 ರೈಫಲಿನ ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರು. ಇದರ ಚಲನಶಕ್ತಿ 140 ಜೂಲಿಗೆ ತುಸು ಹೆಚ್ಚು. 14 ಮೀಟರು ಎತ್ತರದಿಂದ ಬಿದ್ದ ಒಂದು ಕಿಲೋಗ್ರಾಂ ಕಲ್ಲಿನ ಶಕ್ತಿಗೆ ಸಮ. ಅಷ್ಟೂ ಶಕ್ತಿಯು ಬಟಾಣಿಕಾಳಿಗಿಂತ ಸಣ್ಣ ಜಾಗದಲ್ಲಿ ತಾಕುತ್ತದೆ. ಗುರಿ ತಪ್ಪಿದರೆ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಅಲ್ಲಿ ಯಾರಿದ್ದಾರೆಂದು ಅದು ವಿಚಾರಿಸುವುದಿಲ್ಲ!

ಇನ್ನು ಕಾಲದ ಮಾತು. ಆರೂವರೆ ಮೀಟರು ದೂರದಲ್ಲಿರುವವನು ಓಡಿ ಮೈಮೇಲೆ ಬೀಳಲು ಒಂದೂವರೆ ಸೆಕೆಂಡು ಸಾಕೆಂದು ಅಮೆರಿಕದ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಬರೆದನು. ಪುಸ್ತಕಗಳ ಅಡಿಯಿಂದ ಕೋವಿ ತೆಗೆಯುವಷ್ಟರಲ್ಲಿ ಅದು ಅವನ ಕೈ ಸೇರಿರುತ್ತದೆ. ಮನೆಯಲ್ಲಿಟ್ಟರೂ ಸುಖವಿಲ್ಲ: ಕೋವಿಯಿರುವ ಮನೆಗಳಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಹೆಚ್ಚೆಂದು ಕೆಲ್ಲರ್‌ಮನ್ ಎಂಬ ವೈದ್ಯನೂ ಸಂಗಡಿಗರೂ 1993ರಲ್ಲಿ ತೋರಿಸಿದರು.

ನಮ್ಮ 1959ರ ಆಯುಧ ಕಾಯಿದೆಯ ಪ್ರಕಾರ, 1983ರ ತಿದ್ದುಪಡಿಯಾದ ಮೇಲೆ, 21 ವರ್ಷ ತುಂಬದವರು ಕೋವಿಯನ್ನು ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ; ತರಬೇತಿಯಲ್ಲಿ ನಿಯಮಬದ್ಧವಾಗಿ ಬಳಸಬಹುದು. 1949ರಲ್ಲಿ ಆರಂಭವಾದ ಎನ್.ಸಿ.ಸಿ. ಬಾಲಿಕಾ ವಿಭಾಗದಲ್ಲಿ ನಡೆಯುವುದು ಇದೇ. ತೋಟಾಗಳನ್ನು ಎಣಿಸಿ ಕೊಡುತ್ತಾರೆ. ಅಭ್ಯಾಸ ಮುಗಿದೊಡನೆ ರೈಫಲು ಶಸ್ತ್ರಾಗಾರಕ್ಕೆ ಹಿಂದಿರುಗುತ್ತದೆ, ಹುಡುಗಿಯು ಬರಿಗೈಯಲ್ಲಿ ಮನೆಗೆ ಹೋಗುತ್ತಾಳೆ.

ಆ ದಾರಿಯಲ್ಲಿ ಬೆದರಿಕೆ ಎದುರಾದರೆ ಪೊಲೀಸರಿಗೆ 112, ಮಕ್ಕಳ ಸಹಾಯವಾಣಿಗೆ 1098. ಕರೆಗೆ ಹಣವಿಲ್ಲ, ಕರೆಯುವವಳು ಗೆಳತಿಯಾದರೂ ಆದೀತು.