ಇಂಗ್ಲಿಷ್ ಶಬ್ದಸಂಪತ್ತು: ಧಾತುವಿನಿಂದ ಅರ್ಥದೆಡೆಗೆ

ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿನ ಮೆಟ್ಟಿಲೇರುವ ನಮ್ಮ ಭಾಗದ ವಿದ್ಯಾರ್ಥಿಯನ್ನು ಅನೇಕ ವೇಳೆ ತಡೆದು ನಿಲ್ಲಿಸುವುದು ವಿಷಯದ ಕಾಠಿಣ್ಯವಲ್ಲ, ಇಂಗ್ಲಿಷಿನ ಪ್ರೌಢ ಶಬ್ದಗಳು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಮನೆಮಾತು ಕೊಂಕಣಿಯೋ ಮರಾಠಿಯೋ ಉರ್ದುವೋ ಆಗಿರುವ ಮಕ್ಕಳು ಅನೇಕರು. ಅವರಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಇಂಥವರಿಂದ ಶಬ್ದಾರ್ಥಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿಯುತ್ತಲೇ ಅದು ಮರೆತುಹೋಗುತ್ತದೆ. ಇದಕ್ಕಿಂತ ಸುಗಮವಾದ ಮಾರ್ಗದ ಬೀಗದ ಕೈ ನಮ್ಮ ವ್ಯಾಕರಣ ಪಾಠದಲ್ಲಿಯೇ ಇದೆ.

'ಹಾರ' ಎಂಬ ಒಂದೇ ರೂಪಕ್ಕೆ ಬೇರೆ ಬೇರೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳಾಗುವುದನ್ನು ನಮ್ಮ ಮಕ್ಕಳು ಕಲಿತಿರುತ್ತಾರೆ. ಇಂಗ್ಲಿಷಿನ ಪ್ರೌಢ ಶಬ್ದಗಳಲ್ಲಿ ಬಹುಭಾಗ ಲ್ಯಾಟಿನ್ ಮತ್ತು ಗ್ರೀಕ್ ಮೂಲದವು. ಅವುಗಳ ರಚನೆಯೂ ಇದೇ ಬಗೆಯದು.

ಉದಾಹರಣೆಗೆ, ಲ್ಯಾಟಿನ್ನಿನಲ್ಲಿ 'ಮೆರ್ಗೆರೆ' ಎಂದರೆ ಮುಳುಗಿಸು. 'ಕೆಳಗೆ' ಎಂಬರ್ಥದ 'ಸಬ್' ಸೇರಿದರೆ ಸಬ್‌ಮರ್ಜ್, ಎಂದರೆ ನೀರಿನಡಿ ಮುಳುಗು. 'ಹೊರಗೆ' ಎಂಬರ್ಥದ 'ಎ' ಸೇರಿದರೆ ಎಮರ್ಜ್, ಎಂದರೆ ಮೇಲೆದ್ದು ಬರು. ಥಟ್ಟನೆ ತಲೆದೋರಿದ ಸಂಕಟವೇ ಎಮರ್ಜೆನ್ಸಿ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ, 1980ರ ದಶಕದಲ್ಲಿ, ತಾಲೂಕು ಸ್ಥಳವಾಗಿದ್ದ ಹಳೆಯ ಸೂಪಾ ನೀರಿನಡಿ ಸೇರಿತು. 'ಮುಳುಗಡೆ' ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ಜೋಯಿಡಾದ ಮಗುವಿಗೆ 'ಸಬ್‌ಮರ್ಜ್' ಪರಕೀಯ ಶಬ್ದವಾಗಿ ಉಳಿಯಬೇಕಾಗಿಲ್ಲ. ಅದರ ಬೆನ್ನಿಗೇ ಬರುವ 'ರಿಹ್ಯಾಬಿಲಿಟೇಶನ್' ಶಬ್ದವನ್ನೂ ಬಿಡಿಸಿ ತೋರಿಸಬೇಕು. 'ರಿ' ಎಂದರೆ ಮತ್ತೆ. 'ಹ್ಯಾಬಿಲಿಸ್' ಎಂದರೆ ಸಮರ್ಥ. ಬೇರೊಂದು ಸ್ಥಳದಲ್ಲಿ ಮನೆ ಕೊಟ್ಟ ಮಾತ್ರಕ್ಕೆ ಈ ಶಬ್ದದ ಅರ್ಥ ಪೂರೈಸದು. ಮತ್ತೆ ಬಾಳಲು ಸಮರ್ಥರನ್ನಾಗಿಸಬೇಕು. ಶಬ್ದವನ್ನು ಹೀಗೆ ಬಲ್ಲವನು ಸರಕಾರಿ ಕಾಗದವನ್ನು ಓದಿ ಪ್ರಶ್ನೆ ಕೇಳಲೂ ಬಲ್ಲನು.

ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ವಸತಿಯಿದೆ. 'ರೆಫ್ಯೂಜಿ' ಶಬ್ದದ ಮೂಲವಾದ 'ಫುಗೆರೆ' ಎಂದರೆ ಓಡಿಹೋಗು. ವಿಜ್ಞಾನದ ಪಾಠದಲ್ಲಿ ಬರುವ 'ಸೆಂಟ್ರಿಫ್ಯೂಗಲ್' ಬಲವೂ ಇದೇ ಕುಲದ್ದು, ಕೇಂದ್ರದಿಂದ ಓಡುವಂಥದು. ಹಳಿಯಾಳ, ದಾಂಡೇಲಿಗಳ ಎಲೆಯುದುರುವ ಕಾಡು 'ಡೆಸಿಡ್ಯುವಸ್'. ಕೆಳಗೆ ಬೀಳು ಎಂಬುದು ಅದರ ಮೂಲಾರ್ಥ. ಆ ಕಾಡಿನ ತೇಗಕ್ಕೆ ಇಂಗ್ಲಿಷರು ಕೊಟ್ಟ 'ಟೀಕ್' ಎಂಬ ಹೆಸರು ಮಲಯಾಳದಿಂದ ಪೋರ್ಚುಗೀಸರ ಮೂಲಕ ಹೋದದ್ದು. ನಮ್ಮ 'ತೇಗ' ಶಬ್ದದ ದಾಯಾದಿ.

ಆದರೆ ಒಂದು ಎಚ್ಚರಿಕೆ ಅವಶ್ಯ. ಧಾತುವು ದಾರಿಯನ್ನು ತೋರಿಸುತ್ತದೆ. ಅರ್ಥವನ್ನು ನಿಶ್ಚಯಿಸುವುದು ಬಳಕೆ. ಆದುದರಿಂದ ವಾರಕ್ಕೆ ಐದೇ ಶಬ್ದಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಮೂಲ, ಅದೇ ಕುಲದ ಎರಡು ಶಬ್ದ, ಶಬ್ದಕೋಶದ ಅರ್ಥ ಮತ್ತು ತನ್ನ ಊರಿನ ಸಂಗತಿಯಿರುವ ಒಂದು ಸ್ವಂತ ವಾಕ್ಯವನ್ನು ವಿದ್ಯಾರ್ಥಿಯು ಬರೆಯಲಿ. ತರಗತಿಗೊಂದು ಒಳ್ಳೆಯ ಶಬ್ದಕೋಶ ಕಪಾಟಿನ ಹೊರಗೆ, ಮಕ್ಕಳ ಕೈಗೆ ಎಟಕುವಂತೆ ಇರಲಿ. ಶಿಕ್ಷಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಿದರೆ ಇದು ದೊಡ್ಡ ಕಾರ್ಯವೇನೂ ಅಲ್ಲ.