ದಿಬ್ಬ, ಗೋರಿ, ಹಾಳುಬಾವಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಜೆಯಲ್ಲಿ ಹಂಪಿಗೆ ಹೊರಟಿದ್ದೇವೆ. ಗಂಗಾವತಿ ಕಡೆ ಹಿರೇಬೆಣಕಲ್ ಎಂಬಲ್ಲಿ ಕುಳ್ಳರು ಕಟ್ಟಿಕೊಂಡಿದ್ದ ಕಲ್ಲಿನ ಮನೆಗಳಿವೆಯಂತೆ, ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ನಿಲ್ಲುವುದಿಲ್ಲವಂತೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ಅಲ್ಲಿ ನೋಡುವಂಥದ್ದು ಏನಾದರೂ ಇದೆಯೇ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಖಂಡಿತ ಹೋಗಿ. ಹಂಪಿಯ ದಿನಗಳಲ್ಲಿ ಅರ್ಧ ದಿನ ಉಳಿಸಿ ಹಿರೇಬೆಣಕಲ್ಲಿಗೆ ಕೊಡಿ. ಕರ್ನಾಟಕದಲ್ಲಿ ಇಷ್ಟು ದೊಡ್ಡದಾಗಿದ್ದೂ ಇಷ್ಟು ಕಡಿಮೆ ಜನ ನೋಡಿರುವ ಜಾಗ ಇನ್ನೊಂದಿರಲಾರದು.

ಊರವರು ಅದನ್ನು ಮೋರೇರ ಬೆಟ್ಟ ಎನ್ನುತ್ತಾರೆ. ಹತ್ತಿ ಹೋದರೆ ಬಂಡೆಯ ಬೆನ್ನ ಮೇಲೆ ಸುಮಾರು 400 ಶಿಲಾರಚನೆಗಳು ಹರಡಿಕೊಂಡಿವೆ. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದನ್ನು ಹೊದಿಸಿದವು ಕೆಲವು. ನಾಲ್ಕೂ ಕಡೆ ಮುಚ್ಚಿ, ಒಂದು ಚಪ್ಪಡಿಗೆ ಮಾತ್ರ ದುಂಡನೆಯ ಕಿಂಡಿ ಕೊರೆದವು ಇನ್ನು ಕೆಲವು. ಮೊಣಕಾಲೆತ್ತರದವೂ ಇವೆ, ಆಳೆತ್ತರ ಮೀರಿದವೂ ಇವೆ. ಹಲವು ಕಿಂಡಿಗಳಲ್ಲಿ ದೊಡ್ಡವರು ತೆವಳಿದರೂ ನುಸುಳುವುದು ಕಷ್ಟ. ಕುಳ್ಳರ ಕಥೆಯ ಬೇರು ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಮನೆಯಿದೆ, ಬಾಗಿಲಿದೆ, ಆ ಬಾಗಿಲಲ್ಲಿ ನಾವು ಹಿಡಿಸುವುದಿಲ್ಲ. ಅಂದಮೇಲೆ ಒಳಗಿದ್ದವರು ನಮಗಿಂತ ಚಿಕ್ಕವರೇ ಇರಬೇಕು. ಕಣ್ಣಾರೆ ನೋಡಿ, ಯೋಚಿಸಿ ಕಟ್ಟಿದ ಕಥೆ ಇದು. ಇಂಥ ಕಲ್ಮನೆಗಳನ್ನು ದಕ್ಷಿಣದಲ್ಲಿ ಬಹಳ ಕಡೆ ವನವಾಸದ ಪಾಂಡವರು ಕಟ್ಟಿದ್ದೆನ್ನುತ್ತಾರೆ.

ಪುರಾತತ್ವಜ್ಞರ ಉತ್ತರ ಬೇರೆ. ಇವು ಕಬ್ಬಿಣಯುಗದ ಜನ ಸತ್ತವರಿಗಾಗಿ ಕಟ್ಟಿದವು, ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಎಲ್ಲವೂ ಹೆಣ ಹೂತ ಗೋರಿಗಳಲ್ಲ, ನೆನಪಿಗೆಂದು ನಿಲ್ಲಿಸಿದವೂ ಇವೆ. ಕಲ್ಲನ್ನು ಬೇರೆಲ್ಲಿಂದಲೋ ಹೊತ್ತು ತರಲಿಲ್ಲ. ಬೆಟ್ಟದ ಬಂಡೆಯೇ ಪದರು ಪದರಾಗಿ ಏಳುವಂಥದ್ದು, ಅದನ್ನು ಅಲ್ಲೇ ಎಬ್ಬಿಸಿ ನಿಲ್ಲಿಸಿದರು. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಈ ಜಾಗದ ಬಗ್ಗೆ ಬರೆದಿದ್ದರು. ಸುರಪುರದ ಟೇಲರ್ ಮಂಜಿಲ್ ಕಟ್ಟಿಸಿದವರು ಅವರೇ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಮಕ್ಕಳಿಗೆ ಮರೆಯದೆ ತೋರಿಸಬೇಕಾದ್ದು ನಗಾರಿ ಗುಂಡು. ಎತ್ತರದ ಬಂಡೆಯೊಂದರ ಮೇಲೆ ಬೋರಲು ಹಾಕಿದ ನಗಾರಿಯ ಹಾಗೆ ಅರ್ಧಗೋಳದ ಕಲ್ಲು ಕೂತಿದೆ. ಬಡಿದರೆ ದನಿ ದೂರದವರೆಗೆ ಕೇಳುತ್ತದೆ. ನೀವು ಮಾತ್ರ ಕಲ್ಲಿನಿಂದ ಕುಟ್ಟಬೇಡಿ, ಹೊಡೆತಕ್ಕೆ ಅಂಚು ಚೂರಾಗುತ್ತದೆ. ದಾರಿಯಲ್ಲಿ ಕಲ್ಲಾಸರೆಗಳ ಒಳಗೆ ಕೆಮ್ಮಣ್ಣಿನ ಚಿತ್ರಗಳಿವೆ. ನೀರು ಚಿಮುಕಿಸಿ ಬಣ್ಣ ಎದ್ದು ಕಾಣುವಂತೆ ಮಾಡಲು ಕೆಲವರು ಹೋಗುತ್ತಾರೆ, ನೀವು ಹಾಗೆ ಮಾಡಬೇಡಿ.

ಬೆಳಕು ಹರಿಯುತ್ತಲೇ ಹತ್ತಲು ಶುರು ಮಾಡಿ. ಮೇಲೆ ಅಂಗಡಿಯಿಲ್ಲ, ನೆರಳು ಕಡಿಮೆ. ನೀರು ಹೊತ್ತುಕೊಳ್ಳಿ, ಮುಚ್ಚಿದ ಬೂಟು ಹಾಕಿಕೊಳ್ಳಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಾರಿ ಅವರಿಗೆ ಗೊತ್ತು, ಕಥೆಯೂ ಅವರ ಬಾಯಲ್ಲೇ ಕೇಳಬೇಕು. ಕತ್ತಲಾದ ಮೇಲೆ ಅಲ್ಲಿ ನಿಲ್ಲಬಾರದು ಎಂಬ ಮಾತನ್ನು ನಾನು ಗೌರವದಿಂದ ಕಾಣುತ್ತೇನೆ. ಆ ಚಪ್ಪಡಿಗಳು ಯಾರದೋ ಮನೆಯ ಮೆಟ್ಟಿಲಾಗದೆ, ಹೊಲದ ಬದುವಾಗದೆ ಉಳಿದದ್ದರಲ್ಲಿ ಆ ಹೆದರಿಕೆಯ ಪಾಲು ದೊಡ್ಡದು.

ಪ್ರಶ್ನೆ: ನಾವು ಐದು ಜನ ಗೆಳೆಯರು. ಹಾಳು ಗುಡಿಯೊಂದರಲ್ಲಿ ರಾತ್ರಿ ಕಳೆದು ವಿಡಿಯೊ ಮಾಡಬೇಕೆಂದಿದ್ದೇವೆ. ಅಲ್ಲಿ ಹೆಂಗಸು ಕಿರುಚಿದ ಹಾಗೆ ದನಿ ಬರುತ್ತದಂತೆ. ಯಾವ ಉಪಕರಣ ಒಯ್ಯಬೇಕು?
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಉಪಕರಣ ಬೇಡ, ರಾತ್ರಿಯೂ ಬೇಡ. ಸಂರಕ್ಷಿತ ಸ್ಮಾರಕಗಳಿಗೆ ಸಾಮಾನ್ಯವಾಗಿ ಹಗಲಲ್ಲಷ್ಟೇ ಪ್ರವೇಶ. ಸಂರಕ್ಷಿತವಲ್ಲದ ಗುಡಿಯಾದರೆ ಅದು ಆ ಊರಿನದು, ಅಪರಾತ್ರಿಯಲ್ಲಿ ಟಾರ್ಚು ಹಿಡಿದು ತಿರುಗುವವರನ್ನು ಊರವರು ನಿಧಿಗಳ್ಳರೆಂದೇ ತಿಳಿಯುತ್ತಾರೆ.

ಕಿರುಚುವ ದನಿಯ ಗುರುತು ನಿಮಗೆ ಬೇಕಿದ್ದರೆ ಮುಸ್ಸಂಜೆಗೆ ಗುಡಿಯ ಹೊರಗೆ, ದೂರದಲ್ಲಿ ಸದ್ದಿಲ್ಲದೆ ಕೂತು ಶಿಖರದ ಬಿರುಕನ್ನೇ ನೋಡುತ್ತಿರಿ. ಬೆಳ್ಳಗಿನ, ಹೃದಯದಾಕಾರದ ಮುಖವೊಂದು ಮೊದಲು ಹೊರಗೆ ಇಣುಕಬಹುದು. ಅದು ಕಣಜ ಗೂಬೆ. ಅದರ ಗರಿಯ ಅಂಚು ಎಷ್ಟು ಮೃದುವೆಂದರೆ ತಲೆಯ ಮೇಲೇ ಹಾರಿದರೂ ರೆಕ್ಕೆಯ ಸದ್ದಿರುವುದಿಲ್ಲ. ಆಮೇಲೆ ಅದು ಕೂಗುತ್ತದೆ, ಗಂಟಲು ಹರಿದ ಹಾಗೆ, ಬುಸುಗುಟ್ಟಿದ ಹಾಗೆ. ಮೊದಲ ಸಲ ಕೇಳಿದವರ ಮೈ ನಡುಗದೆ ಇರದು. ಸದ್ದಿಲ್ಲದೆ ಬಂದ ಬಿಳಿಯ ಆಕೃತಿ, ಬೆನ್ನಿಗೇ ಚೀತ್ಕಾರ: ಹಳೆಯ ಕಾಲದವರು ಅದನ್ನು ಮೋಹಿನಿ ಎಂದರೆ ಅವರನ್ನು ಹಳಿಯಲಾಗದು. ಅದರ ಮೇಲೆ ಲೈಟು ಬಿಡಬೇಡಿ, ಮರಿಗಳಿದ್ದರೆ ತಾಯಿ ಗೂಡು ಬಿಟ್ಟೀತು.

ಬಾವಲಿಗಳಿರುವ ಗರ್ಭಗುಡಿಯೊಳಗೆ ಹಿಕ್ಕೆಯ ಧೂಳೆಬ್ಬಿಸಿ ತಿರುಗುವುದೂ ಒಳ್ಳೆಯದಲ್ಲ, ಶ್ವಾಸಕೋಶಕ್ಕೆ ಸೋಂಕು ತಗಲುವ ಅಪಾಯವಿದೆ.

ಪ್ರಶ್ನೆ: ವಿಜಯಪುರದ ಸಾಠ್ ಕಬರ್‌ಗೆ ಹೋಗಿಬಂದ ಮೇಲೆ ನನಗೆ ಒಂದು ವಾರ ನಿದ್ದೆ ಬರಲಿಲ್ಲ. ಅಫ್ಜಲ್ ಖಾನ್ ತನ್ನ ಹೆಂಡತಿಯರನ್ನೆಲ್ಲ ಬಾವಿಗೆ ನೂಕಿ ಕೊಂದನೆಂಬುದು ನಿಜವೇ?
— ಶಿಕ್ಷಕಿ, ಬಾಗಲಕೋಟೆ

ಉತ್ತರ: ನಿಮ್ಮ ನಿದ್ದೆ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಕೋಟೆ, ಗುಮ್ಮಟ, ಪಿಸುಮಾತಿನ ಗ್ಯಾಲರಿ ಎಲ್ಲ ನೋಡಿ ಊರಾಚೆಯ ಆ ಕಟ್ಟೆಗೆ ಬಂದರೆ ಎದೆ ಭಾರವಾಗುತ್ತದೆ. ಒಂದೇ ಅಳತೆಯ, ಒಂದೇ ಬಗೆಯ ಕಪ್ಪು ಗೋರಿಗಳು ಸಾಲಾಗಿ ಮಲಗಿವೆ, ಪಕ್ಕದಲ್ಲೇ ಬಾವಿ.

ಖಚಿತವಾದದ್ದು ಇಷ್ಟು. ಆದಿಲ್‌ಶಾಹಿಯ ಸೇನಾನಿ ಅಫ್ಜಲ್ ಖಾನ್ ಶಿವಾಜಿಯ ಮೇಲೆ ದಂಡೆತ್ತಿ ಹೋಗಿ 1659ರ ನವೆಂಬರ್‌ನಲ್ಲಿ ಪ್ರತಾಪಗಡದ ಬುಡದಲ್ಲಿ ಹತನಾದ. ಅವನನ್ನು ಹೂತದ್ದು ಅಲ್ಲಿಯೇ. ವಿಜಯಪುರದ ಹೊರವಲಯದಲ್ಲಿ ತನಗೆಂದು ಕಟ್ಟಿಸಿಕೊಂಡ ಗೋರಿಯಲ್ಲಿ ಅವನಿಲ್ಲ. ಉಳಿದದ್ದು ಕಥೆ: ನೀನು ಮರಳಿ ಬರಲಾರೆ ಎಂದು ಜ್ಯೋತಿಷಿ ನುಡಿದ, ತಾನು ಸತ್ತ ಮೇಲೆ ಹೆಂಡತಿಯರು ಬೇರೆಯವರ ಪಾಲಾಗಬಾರದೆಂದು ಇವನು ಎಲ್ಲರನ್ನೂ ಕೊಂದ. ಗೋರಿಗಳು 63 ಎಂದು ಹೇಳುವುದು ರೂಢಿ.

ಗೋರಿಗಳ ಮೇಲ್ಭಾಗವನ್ನು ನೆನಪು ಮಾಡಿಕೊಳ್ಳಿ. ಅವು ಚಪ್ಪಟೆಯಾಗಿವೆ. ಆ ಕಾಲದ ಬಿಜಾಪುರದಲ್ಲಿ ಗಂಡಸರ ಗೋರಿಯ ಮೇಲೆ ಉದ್ದಕ್ಕೂ ಏಣು ಇರುತ್ತಿತ್ತು, ಹೆಂಗಸರದು ಸಪಾಟು. ಹಾಗಾಗಿ ಅಲ್ಲಿ ಮಲಗಿದವರು ಹೆಂಗಸರೆಂಬುದನ್ನು ಕಲ್ಲೇ ಹೇಳುತ್ತದೆ. ಎಲ್ಲವೂ ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಇರುವುದರಿಂದ ಒಟ್ಟಿಗೆ ಸತ್ತವರೆಂದು ಊಹಿಸಿದವರಿದ್ದಾರೆ. ದೊಡ್ಡ ಜನಾನಾ ಇಟ್ಟುಕೊಂಡ ಸರದಾರನೊಬ್ಬ ತನ್ನ ಮನೆತನದ ಹೆಂಗಸರಿಗೆಂದು ಒಂದೇ ಮಾದರಿಯ ಸ್ಮಶಾನ ಮಾಡಿಸಿರುವುದೂ ಅಸಾಧ್ಯವಲ್ಲ. ಕೊಲೆಯ ಕಥೆಯನ್ನು ನಾನು ಇತಿಹಾಸವೆಂದು ಒಪ್ಪುವುದಿಲ್ಲ, ಪೂರ್ತಿ ತಳ್ಳಿಯೂ ಹಾಕುವುದಿಲ್ಲ.

ನನ್ನನ್ನು ಕಾಡುವುದು ಬೇರೆ ಸಂಗತಿ. ಕಥೆಯಲ್ಲಿ ಖಾನನ ಹೆಸರಿದೆ, ಅವನನ್ನು ಕೊಂದವನ ಹೆಸರಿದೆ, ಯುದ್ಧದ ತಾರೀಖಿದೆ. ಇಷ್ಟೊಂದು ಹೆಂಗಸರಲ್ಲಿ ಒಬ್ಬಳ ಹೆಸರೂ ಇಲ್ಲ. ನೀವು ಶಿಕ್ಷಕಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ದೆವ್ವದ ಮಾತು ಬರುವ ಮೊದಲು ಇದನ್ನು ಹೇಳಿ.

ಪ್ರಶ್ನೆ: ನಮ್ಮೂರ ರಸ್ತೆ ಪಕ್ಕದಲ್ಲಿ ಕೆತ್ತನೆಯ ಕಲ್ಲೊಂದಿದೆ. ಅದನ್ನು ಮುಟ್ಟಿದವರ ಮನೆ ಉದ್ಧಾರವಾಗುವುದಿಲ್ಲ ಎನ್ನುತ್ತಾರೆ. ಈಗ ರಸ್ತೆ ಅಗಲ ಮಾಡುತ್ತಾರೆ, ಕಿತ್ತು ಕೆರೆಗೆ ಹಾಕಿಬಿಡೋಣ ಎಂದು ಕೆಲವರು. ಏನು ಮಾಡಲಿ?
— ಗ್ರಾಮ ಪಂಚಾಯಿತಿ ಸದಸ್ಯರು, ಮಂಡ್ಯ ಜಿಲ್ಲೆ

ಉತ್ತರ: ದಯವಿಟ್ಟು ಕೆರೆಗೆ ಹಾಕಲು ಬಿಡಬೇಡಿ. ಮೊದಲು ಅದರ ಮುಂದೆ ಕುಳಿತು ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರು, ಮೇಲೆ ಲಿಂಗ, ಸೂರ್ಯ ಚಂದ್ರರು ಇದ್ದರೆ ಅದು ವೀರಗಲ್ಲು. ದನ ಬಿಡಿಸಲು ಹೋಗಿ ಸತ್ತವನದೋ, ಊರಿನ ಹೆಂಗಸರ ಮಾನ ಕಾಯಲು ಸತ್ತವನದೋ ಇರಬಹುದು. ಕಂಬದಿಂದ ಹೊರಟ ಒಂದು ಕೈ ಮೊಣಕೈಯಲ್ಲಿ ಮಡಚಿಕೊಂಡು ಮೇಲೆದ್ದಿದ್ದು, ಬಳೆಗಳು ಹಾಗೇ ಇದ್ದು, ಬೆರಳ ನಡುವೆ ನಿಂಬೆಹಣ್ಣಿದ್ದರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳದು.

ನಿಮ್ಮ ಜಿಲ್ಲೆಯದೇ ಒಂದು ಕಲ್ಲಿನ ಕಥೆ ಹೇಳುತ್ತೇನೆ, ಪಂಚಾಯಿತಿ ಸಭೆಯಲ್ಲಿ ಓದಿ ಹೇಳಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಿಂತಿದ್ದ ಕಲ್ಲು ಅದು, 10ನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕೆಚ್ಚಿನಿಂದ ಕಾದಾಡಿದ ಮಣಲೆರನೆಂಬ ವೀರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಬೇಕಾದ್ದನ್ನು ಕೇಳು ಎಂದ. ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೊಂದು ದಿನ ಬೇಟೆಯಲ್ಲಿ ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು, ನಾಯಿ ಹಂದಿ ಎರಡೂ ಸತ್ತವು. ಮಣಲೆರ ಆ ನಾಯಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿದ, ಪೂಜೆಗೆ ಗೊರವನನ್ನು ನೇಮಿಸಿ ಭೂಮಿ ಬಿಟ್ಟ, ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ಪಾಪ ಬರಲಿ ಎಂದೂ ಬರೆಸಿದ. ನಾಯಿ ಹಂದಿಗಳು ಎದುರೆದುರು ಸೆಣಸುವ ಚಿತ್ರ ಆ ಕಲ್ಲಿನಲ್ಲಿದೆ.

ಮುಟ್ಟಿದರೆ ಕೇಡು ಎಂಬ ಮಾತು ಹಿಂದಿನವರ ಶಾಪೋಕ್ತಿಯ ಮುಂದುವರಿಕೆಯೇ ಇರಬಹುದು. ದಾನಶಾಸನಗಳ ಕೊನೆಗೆ, ಇದನ್ನು ಅಳಿದವನಿಗೆ ಇಂಥ ಪಾಪ ಎಂದು ಬರೆಸುವುದು ಪದ್ಧತಿಯಾಗಿತ್ತು. ಅಕ್ಷರ ಓದಲು ಬಾರದವರೂ ಆ ಭಯವನ್ನು ಮಕ್ಕಳು ಮೊಮ್ಮಕ್ಕಳಿಗೆ ದಾಟಿಸಿದರು, ಕಲ್ಲು ಉಳಿಯಿತು.

ಈಗ ನಿಮ್ಮ ಕೆಲಸ: ಕಲ್ಲಿನ ನಾಲ್ಕೂ ಮಗ್ಗುಲ ಫೋಟೊ ತೆಗೆಸಿ, ಅಕ್ಷರಗಳಿದ್ದರೆ ಓರೆ ಬಿಸಿಲಿನಲ್ಲಿ ತೆಗೆಯಿರಿ, ಸ್ಪಷ್ಟವಾಗಿ ಬರುತ್ತದೆ. ಸುಣ್ಣ, ಪೇಂಟು, ಎಣ್ಣೆ ಸೋಕಿಸಬೇಡಿ. ಕಾಮಗಾರಿ ಶುರುವಾಗುವ ಮೊದಲೇ ರಾಜ್ಯ ಪುರಾತತ್ವ ಇಲಾಖೆಗೂ ತಹಶೀಲ್ದಾರರಿಗೂ ಬರೆಯಿರಿ. ಜಾಗ ಬದಲಿಸಲೇಬೇಕಾದರೆ ಇಲಾಖೆಯವರ ಎದುರಿನಲ್ಲಿ ಎತ್ತಿ ಶಾಲೆಯ ಅಂಗಳದಲ್ಲೋ ಗುಡಿಯ ಮುಂದೋ ಕಟ್ಟೆ ಕಟ್ಟಿ ನಿಲ್ಲಿಸಿ.

ಪ್ರಶ್ನೆ: ನಮ್ಮ ಹೊಲದ ಹಾಳು ಗುಡಿಯಡಿ ನಿಧಿ ಇದೆ, ಸರ್ಪ ಕಾಯುತ್ತಿದೆ ಎಂದು ಒಬ್ಬರು ಶಾಸ್ತ್ರ ಹೇಳಿದ್ದಾರೆ. ಅಗೆಯಬಹುದೇ?
— ಹೆಸರು ಬೇಡ

ಉತ್ತರ: ಬೇಡ. ಶಾಸ್ತ್ರ ಹೇಳಿದವರನ್ನು ಮತ್ತೆ ಮನೆಗೆ ಸೇರಿಸಬೇಡಿ. ಅಕಸ್ಮಾತ್ ಏನಾದರೂ ಸಿಕ್ಕರೂ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಕೇಂದ್ರದ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲಿಂಗ ಕಿತ್ತು, ಪೀಠದಡಿ ಗುಂಡಿ ತೋಡಿ ಬಿಟ್ಟುಹೋದ ಗುಡಿಗಳನ್ನು ಈ ನಾಡಿನಲ್ಲಿ ಬೇಕಾದಷ್ಟು ಕಡೆ ಕಂಡು ಹೊಟ್ಟೆ ಉರಿದಿದೆ. ಮಳೆಗೆ ಗೋಡೆಗಳು ಕುಸಿಯುವುದು ಆ ಗುಂಡಿಯಿಂದಲೇ.

ಪ್ರಶ್ನೆ: ತಲಕಾಡಿನ ಮರಳು ಅಲಮೇಲಮ್ಮನ ಶಾಪದಿಂದಲೇ ಬಂದದ್ದಾ?
— ಎಂಟನೇ ತರಗತಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಳ್ಳೆಯ ಪ್ರಶ್ನೆ, ಪುಟ್ಟಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಮಡದಿ ಅಲಮೇಲಮ್ಮ. ಒಡವೆಗಳಿಗಾಗಿ ಸೈನಿಕರು ಬೆನ್ನಟ್ಟಿದಾಗ ತಲಕಾಡು ಮರಳಾಗಲಿ ಎಂದು ಶಪಿಸಿ ಕಾವೇರಿಯ ಮಾಲಂಗಿ ಮಡುವಿಗೆ ಹಾರಿದಳು ಎಂಬುದು ಕಥೆ.

ಮರಳಿಗೆ ನದಿಯಲ್ಲೇ ಕಾರಣವಿದೆ. ತಲಕಾಡಿನಲ್ಲಿ ಕಾವೇರಿ ದೊಡ್ಡದಾಗಿ ತಿರುವು ತೆಗೆದುಕೊಳ್ಳುತ್ತಾಳೆ. ವಿಜಯನಗರ ಕಾಲದಲ್ಲಿ ಮೇಲ್ಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಹರಿವು ಬದಲಾಗಿ, ಪಾತ್ರದ ಮರಳು ಬಯಲಾಗಿ, ಗಾಳಿಗೆ ಊರಿನ ಮೇಲೆ ಏರಿತು ಎಂದು ವಿಜ್ಞಾನಿ ಕೆ. ಎನ್. ಗಣೇಶಯ್ಯ 2007ರಲ್ಲಿ ಬರೆದಿದ್ದಾರೆ. ಕಟ್ಟೆ ಹಳೆಯದು, ಶಾಪದ ಕಥೆ ಅದಕ್ಕಿಂತ ಈಚಿನದು. ಊರು ಮುಚ್ಚಿಹೋದ ಸಂಕಟಕ್ಕೆ ಒಬ್ಬ ಹೆಣ್ಣಿಗಾದ ಅನ್ಯಾಯದ ನೆನಪು ಬಂದು ಸೇರಿಕೊಂಡಿತು ಎಂದು ನನ್ನ ತಿಳಿವಳಿಕೆ. ಹೋದಾಗ ಪಾತಾಳೇಶ್ವರನ ಗುಡಿಗೆ ಮೆಟ್ಟಿಲಿಳಿದು ಹೋಗುವಾಗ ಪಕ್ಕದ ಮರಳಿನ ಗೋಡೆ ಎಷ್ಟೆತ್ತರವಿದೆ ನೋಡು. ಹೊಳೆಗೆ ಮಾತ್ರ ಇಳಿಯಬೇಡ. ಅಲ್ಲಿನ ಸುಳಿಗಳು ನಿಜವಾದವು, ಜನ ಮುಳುಗಿದ್ದಾರೆ.

ಪ್ರಶ್ನೆ: ಶೆಟ್ಟಿಹಳ್ಳಿಯ ಮುಳುಗುವ ಚರ್ಚು ನೋಡಲು ಯಾವ ತಿಂಗಳು ಸರಿ?
— ಛಾಯಾಗ್ರಾಹಕ, ಬೆಂಗಳೂರು

ಉತ್ತರ: ನೀರಿನ ನಡುವೆ ಕಾಣಬೇಕಿದ್ದರೆ ಮಳೆಗಾಲದ ಕೊನೆ, ಒಳಗೆ ನಡೆದಾಡಬೇಕಿದ್ದರೆ ಬೇಸಿಗೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚದು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ವರ್ಷವರ್ಷವೂ ನೆನೆದು ಒಣಗುವ ಗೋಡೆ, ಕಮಾನಿನ ಕೆಳಗೆ ನಿಂತು ಪೋಸು ಕೊಡಬೇಡಿ. ಅಲ್ಲಿ ದೆವ್ವವಿದೆ ಎಂದು ಬರೆಯುವವರಿಗೆ ನನ್ನದೊಂದು ಮನವಿ: ಆ ನೀರಿನಡಿ ಹೊಲ ಮನೆ ಬಿಟ್ಟು ಎದ್ದುಹೋದವರು ಇನ್ನೂ ಬದುಕಿದ್ದಾರೆ, ಅವರನ್ನು ಮಾತಾಡಿಸಿ ಬರೆಯಿರಿ.

ಪ್ರಶ್ನೆ: ವಯಸ್ಸಾಗಿದೆ, ಬೆಟ್ಟ ಹತ್ತಲಾರೆ. ಬೆಂಗಳೂರು ಬಿಡದೆ ಇಂಥದ್ದೇನಾದರೂ ನೋಡಬಹುದೇ?
— ನಿವೃತ್ತ ಬ್ಯಾಂಕ್ ನೌಕರರು, ಬೆಂಗಳೂರು

ಉತ್ತರ: ಬೇಗೂರಿಗೆ ಹೋಗಿ. ಅಲ್ಲಿನ ನಾಗೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ. ಬೆಂಗಳೂರು ಕಾಳಗದಲ್ಲಿ ಬುಟ್ಟಣ ಸೆಟ್ಟಿ ಎಂಬುವನು ಸತ್ತನೆಂದು ಅದು ಹೇಳುತ್ತದೆ. ಕೆಂಪೇಗೌಡರಿಗಿಂತ ಆರು ಶತಮಾನಕ್ಕೂ ಹಿಂದೆ ಈ ಊರಿನ ಹೆಸರು ಕಲ್ಲಿನಲ್ಲಿ ಕೂತದ್ದನ್ನು ಅಲ್ಲಿ ಕಾಣಬಹುದು. ಮೇಲೆ ಹೇಳಿದ ಆತಕೂರಿನ ನಾಯಿ ಕಾಳಿಯ ಕಲ್ಲೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹೊರಡುವ ಮೊದಲು ಅದು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ.